ಪಾಲುಗಾರರು: ಗ್ವೀಜ್ ಪಟ್ಟಣದ ಒಲೆ ಕಾರ್ಖಾನೆಯೂ ಸಭೆಯ ಮುಂದಿರುವ ಪ್ರಶ್ನೆಯೂ

ಲೂಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ, ಗೆನೆಜರೇತ್ ಕೆರೆಯ ಮೀನುಬೇಟೆಯ ಪ್ರಸಂಗವನ್ನು ಹೇಳುವಾಗ, ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರಿಗೂ ಸೀಮೋನನಿಗೂ ಇದ್ದ ಸಂಬಂಧವನ್ನು ಸುವಾರ್ತಿಕನು ಒಂದೇ ಪದದಲ್ಲಿ ಸೂಚಿಸುತ್ತಾನೆ. ಗ್ರೀಕ್ ಮೂಲದಲ್ಲಿ ಆ ಪದ 'ಕೊಯ್ನೊನೊಯ್', ಅಂದರೆ ಪಾಲುಗಾರರು. ಕಸುಬಿನ ದುಡಿಮೆಯಲ್ಲಿಯೂ ಅದರ ಗಳಿಕೆಯಲ್ಲಿಯೂ ಪಾಲುಳ್ಳವರನ್ನು ಕರೆಯುತ್ತಿದ್ದ ಮಾತದು. ಕರ್ತನ ಭೋಜನದ ವೇಳೆಯಲ್ಲಿಯೂ ಆಶೀರ್ವಚನದಲ್ಲಿಯೂ ನಾವು 'ಅನ್ಯೋನ್ಯತೆ' ಎಂದು ಉಚ್ಚರಿಸುವ 'ಕೊಯ್ನೊನಿಯ' ಎಂಬ ಪದವು ಇದೇ ಬೇರಿನಿಂದ ಬಂದದ್ದು. ಯಜ್ಞವೇದಿಯ ಬಳಿಯಲ್ಲಿ ಈ ಪದವನ್ನು ಕೇಳಿ ಕೇಳಿ ರೂಢಿಯಾದ ನಮಗೆ, ಅದಕ್ಕೆ ಒಮ್ಮೆ ಬಲೆಯ ಮತ್ತು ಮೀನಿನ ಸಂಬಂಧವಿತ್ತೆಂಬುದು ಮರೆತುಹೋಗಿದೆ.

19ನೆಯ ಶತಮಾನದಲ್ಲಿ ಯೂರೋಪಿನ ತುಂಬ ಕಾರ್ಖಾನೆಗಳು ಎದ್ದಾಗ ಈ ಪದವು ಹೊಸದೊಂದು ಪ್ರಶ್ನೆಯಾಗಿ ನಿಂತಿತು. ಕಾರ್ಖಾನೆಯಲ್ಲಿ ದುಡಿಯುವವನು ಕೂಲಿಯಾಳು ಮಾತ್ರವೋ, ಪಾಲುಗಾರನೂ ಹೌದೋ? ಸಭೆಗಳು ಈ ಪ್ರಶ್ನೆಗೆ ಬಹುಮಟ್ಟಿಗೆ ದಾನಧರ್ಮದ ಮೂಲಕ ಉತ್ತರಕೊಟ್ಟವು. ಉತ್ತರ ಫ್ರಾನ್ಸಿನ ಒಬ್ಬ ಒಲೆ ತಯಾರಕನಾದರೋ ಲೆಕ್ಕದ ಪುಸ್ತಕದ ಮೂಲಕ ಉತ್ತರಕೊಟ್ಟನು. ಅವನು ಸಭೆಯ ಹೊರಗೆ ನಿಂತವನು. ಆದರೂ, ಅಥವಾ ಆದಕಾರಣವೇ, ಅವನ ಚರಿತ್ರೆಯನ್ನು ದೇವಶಾಸ್ತ್ರದ ವಿದ್ಯಾರ್ಥಿಗಳೂ ಸಭಾಪಾಲಕರೂ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಕಮ್ಮಟದಿಂದ ಕಾರ್ಖಾನೆಗೆ

ಜಾನ್ ಬಾಪ್ತಿಸ್ತ್ ಆಂದ್ರೆ ಗೊಡಿನನು 1817ರಲ್ಲಿ ಫ್ರಾನ್ಸಿನ ಎನ್ ಪ್ರಾಂತದ ಎಸ್ಕೆಯೆರಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಬೀಗ ಮತ್ತು ಕಬ್ಬಿಣದ ಕೆಲಸ ಮಾಡುತ್ತಿದ್ದವನು. ಹುಡುಗನು ಹನ್ನೊಂದನೆಯ ವಯಸ್ಸಿಗೇ ಶಾಲೆ ಬಿಟ್ಟು ತಂದೆಯ ಕಮ್ಮಟಕ್ಕೆ ಸೇರಿದನು. ತಾರುಣ್ಯದಲ್ಲಿ, ಆ ಕಾಲದ ಕುಶಲಕರ್ಮಿಗಳ ರೂಢಿಯಂತೆ, ಕಸುಬು ಕಲಿಯಲು ಊರೂರು ಸುತ್ತಿದನು. ಕೂಲಿಗಾರರ ಬಾಳು ಎಷ್ಟು ಹೀನವಾಗಿತ್ತೆಂಬುದನ್ನು ಅವನು ಆಗ ಕಣ್ಣಾರೆ ಕಂಡನು. ತಾನು ಮುಂದೆ ಏಳಿಗೆಗೆ ಬಂದರೆ ಈ ಬಾಳನ್ನು ಹಗುರಗೊಳಿಸುವ ದಾರಿ ಹುಡುಕುವೆನೆಂದು ಅಂದೇ ನಿಶ್ಚಯಿಸಿದ್ದಾಗಿ ಅವನು ಮುಂದೆ ಬರೆದುಕೊಂಡಿದ್ದಾನೆ.

ಏಳಿಗೆ ಬಂದಿತು. ಆಗಿನ ಒಲೆಗಳನ್ನು ಕಬ್ಬಿಣದ ತಗಡಿನಿಂದ ಮಾಡುತ್ತಿದ್ದರು. ಅದಕ್ಕೆ ಬದಲಾಗಿ ಎರಕದ ಕಬ್ಬಿಣವನ್ನು ಬಳಸುವ ವಿಧಾನಕ್ಕೆ ಗೊಡಿನನು 1840ರಲ್ಲಿ ಪೇಟೆಂಟ್ ಪಡೆದನು. 1846ರಲ್ಲಿ ತನ್ನ ಕೆಲವು ಕೆಲಸಗಾರರೊಡನೆ ವಾಜ್ ನದಿಯ ದಡದ ಗ್ವೀಜ್ ಪಟ್ಟಣಕ್ಕೆ ಬಂದು ನೆಲೆಸಿದನು. ಎರಕದ ಒಲೆ ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತಿತ್ತು, ಮಾರಾಟ ಬೆಳೆಯಿತು, ಅವನು ಸಿರಿವಂತನಾದನು.

ಇಷ್ಟರಲ್ಲಿ, 1842ರಲ್ಲಿ, ಶಾರ್ಲ್ ಫೂರಿಯೇ ಎಂಬ ಸಮಾಜಚಿಂತಕನ ವಿಚಾರಗಳು ಅವನ ಕಣ್ಣಿಗೆ ಬಿದ್ದಿದ್ದವು. ಬಂಡವಾಳ, ಶ್ರಮ, ಪ್ರತಿಭೆ ಈ ಮೂರೂ ಒಂದು ಸಂಘದಲ್ಲಿ ಕೂಡಿ ದುಡಿದು ಫಲವನ್ನು ಹಂಚಿಕೊಳ್ಳಬೇಕೆಂಬುದು ಫೂರಿಯೇಯ ಬೋಧನೆ. ಅವನ ಶಿಷ್ಯರು 1850ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಅಂಥ ಒಂದು ವಸಾಹತನ್ನು ಸ್ಥಾಪಿಸಹೊರಟಾಗ, ಗೊಡಿನನು ತನ್ನ ಆಸ್ತಿಯ ಮೂರನೆಯ ಒಂದು ಭಾಗವನ್ನು, ಅಂದರೆ 1,00,000 ಫ್ರಾಂಕುಗಳನ್ನು, ಅದರಲ್ಲಿ ಹಾಕಿದನು. ವಸಾಹತು ಬೇಗನೆ ಮುರಿದುಬಿದ್ದು ಹಣವೆಲ್ಲ ಹೋಯಿತು. ದೂರದ ಮರುಭೂಮಿಯಲ್ಲಿ ಹೊಸ ಲೋಕವನ್ನು ಕಟ್ಟುವ ಆಸೆಯನ್ನು ಬಿಟ್ಟು, ಅವನು ತನ್ನ ಕಾರ್ಖಾನೆಯ ಪಕ್ಕದಲ್ಲಿಯೇ ಕೆಲಸ ಆರಂಭಿಸಿದನು.

ಗಾಜಿನ ಛಾವಣಿಯ ಕೆಳಗೆ

1859ರಲ್ಲಿ ಗ್ವೀಜ್‌ನಲ್ಲಿ ಅಡಿಪಾಯ ಹಾಕಿದ ಕಟ್ಟಡಕ್ಕೆ 'ಫಾಮಿಲಿಸ್ತೇರ್' ಎಂದು ಹೆಸರಾಯಿತು. ಕುಟುಂಬಗಳ ನಿವಾಸ ಎಂಬ ಭಾವ ಆ ಹೆಸರಿನಲ್ಲಿದೆ. ಇಟ್ಟಿಗೆಯ ಮೂರು ಬೃಹತ್ ಭವನಗಳು. ಪ್ರತಿಯೊಂದರ ನಡುವೆ ಗಾಜಿನ ಛಾವಣಿ ಹೊದಿಸಿದ ವಿಶಾಲವಾದ ಅಂಗಳ. ಅಂಗಳದ ಸುತ್ತಲೂ ಮಹಡಿ ಮಹಡಿಗೂ ಮೊಗಸಾಲೆ. ಮೊಗಸಾಲೆಗೆ ತೆರೆದುಕೊಳ್ಳುವ ಮನೆಗಳು. ಪ್ರತಿ ಮಹಡಿಗೂ ಕುಡಿಯುವ ನೀರು ಬರುತ್ತಿತ್ತು. ಕೆಳಗಿನ ಮಹಡಿಗಳಿಗೆ ಬೆಳಕು ಕಡಿಮೆ ಬೀಳುವುದರಿಂದ ಅಲ್ಲಿಯ ಕಿಟಕಿಗಳನ್ನು ದೊಡ್ಡದಾಗಿಯೂ ಮೇಲಿನವನ್ನು ಚಿಕ್ಕದಾಗಿಯೂ ಇರಿಸಿದ್ದರು. ಹಗಲ ಬೆಳಕಿನಲ್ಲಿಯೂ ಮೇಲಿನವರಿಗೊಂದು ಕೆಳಗಿನವರಿಗೊಂದು ಎಂಬ ಭೇದ ಇರಬಾರದೆಂಬ ಎಚ್ಚರ ಅದರಲ್ಲಿತ್ತು.

ಸಿರಿವಂತನು ತನ್ನ ಹಣದಿಂದ ಪಡೆಯುವ ಸೌಕರ್ಯಗಳನ್ನು ಬಡವನು ಒಬ್ಬನೇ ಪಡೆಯಲಾರನು. ಆದರೆ ಸಾವಿರ ಮಂದಿ ಬಡವರು ಕೂಡಿದರೆ ಅವಕ್ಕೆ ಸಮಾನವಾದುವನ್ನು ಪಡೆಯಬಲ್ಲರು. ಇದು ಗೊಡಿನನ ಮೂಲ ವಿಚಾರ. ಶಿಶುವಿಹಾರ, ಶಾಲೆ, ನಾಟಕಶಾಲೆ, ಸರಕನ್ನು ಒಟ್ಟಾಗಿ ಕೊಂಡು ಮಾರುವ ಅಂಗಡಿಗಳು, ಬಟ್ಟೆ ಒಗೆಯುವ ಮನೆ, ಈಜುಕೊಳ ಎಲ್ಲವೂ ಒಂದೊಂದಾಗಿ ಎದ್ದವು. ಶಾಲೆಯಲ್ಲಿ ಹುಡುಗರೂ ಹುಡುಗಿಯರೂ ಒಟ್ಟಿಗೆ ಕುಳಿತರು. 14 ವರ್ಷದವರೆಗೆ ಕಲಿಯುವುದು ಕಡ್ಡಾಯವಾಗಿತ್ತು. ಫ್ರಾನ್ಸ್ ದೇಶವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ್ದು 1882ರಲ್ಲಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ನಿವಾಸದ ವ್ಯವಹಾರಗಳನ್ನು ನೋಡಿಕೊಳ್ಳಲು ಗಂಡಸರೂ ಹೆಂಗಸರೂ ಚುನಾಯಿಸಿದ ಸಮಿತಿಗಳಿದ್ದವು. ಆ ದೇಶದ ಸ್ತ್ರೀಯರಿಗೆ ರಾಷ್ಟ್ರದ ಮತಾಧಿಕಾರ ದೊರೆತದ್ದಾದರೋ 1944ರಲ್ಲಿ.

ಇಷ್ಟೆಲ್ಲವನ್ನು ಒಬ್ಬ ಉದಾರಿಯಾದ ಧಣಿಯೂ ಮಾಡಬಹುದಿತ್ತು. ಹಲವರು ಮಾಡಿದ್ದೂ ಉಂಟು. ಒಳ್ಳೆಯ ಮನೆ ಕೊಟ್ಟ ಧಣಿ ಧಣಿಯಾಗಿಯೇ ಉಳಿಯುತ್ತಾನೆ. ಮನೆ ಪಡೆದ ಕೆಲಸಗಾರನು ಋಣಿಯಾಗಿಯೇ ಉಳಿಯುತ್ತಾನೆ. ಗೊಡಿನನಿಗೆ ಇದು ತಿಳಿದಿತ್ತು. ಕೆಲಸಗಾರರೇ ತಮ್ಮಲ್ಲಿ ಅರ್ಹರನ್ನು ಮತದಿಂದ ಗುರುತಿಸಿ ಬಹುಮಾನ ಹಂಚಿಕೊಳ್ಳುವ ಪ್ರಯೋಗವನ್ನು ಅವನು 1870ರಲ್ಲಿ ಮಾಡಿ ನೋಡಿದನು. 1877ರಲ್ಲಿ ಅವರನ್ನು ಗುಂಪುಗಳಾಗಿ ಕೂಡಿಸಿ ಕೆಲಸದ ವಿಚಾರವನ್ನು ಅವರೇ ಚರ್ಚಿಸುವಂತೆ ಮಾಡಿದನು. ಈ ಪ್ರಯೋಗಗಳು ಬಹುಕಾಲ ನಿಲ್ಲಲಿಲ್ಲ. ಕೇಳುವುದಕ್ಕೆ ಮಾತ್ರ ಕಲಿತವನು ಒಂದೇ ದಿನದಲ್ಲಿ ಆಳುವುದಕ್ಕೆ ಕಲಿಯಲಾರನೆಂಬುದನ್ನು ಅವನು ಕಂಡುಕೊಂಡನು, ಆದರೂ ಕೈಬಿಡಲಿಲ್ಲ.

1880ರ ಒಡಂಬಡಿಕೆ

1880ರ ಆಗಸ್ಟ್ 13ರಂದು ಗೊಡಿನನೂ ಅವನ ಕೆಲಸಗಾರರೂ ಸೇರಿ 'ಬಂಡವಾಳ ಮತ್ತು ಶ್ರಮಗಳ ಸಹಕಾರ ಸಂಘ'ವನ್ನು ಸ್ಥಾಪಿಸಿದರು. ಕಾರ್ಖಾನೆಯೂ ನಿವಾಸವೂ ಈ ಸಂಘಕ್ಕೆ ಸೇರಿದವು. ಅದರ ನಿಬಂಧನೆಗಳನ್ನು ನಾವು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಏಕೆಂದರೆ ನ್ಯಾಯವು ಭಾವನೆಯಾಗಿದ್ದದ್ದು ಲೆಕ್ಕವಾಗಿ ಮಾರ್ಪಟ್ಟದ್ದು ಇಲ್ಲಿಯೇ.

ವರ್ಷದ ಆದಾಯದಿಂದ ಮೊದಲು ಯಂತ್ರ ಮತ್ತು ಕಟ್ಟಡಗಳ ಸವೆತ, ವಿಮಾನಿಧಿಗಳ ಸಹಾಯ, ಶಿಕ್ಷಣದ ವೆಚ್ಚ, ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿ ಇವುಗಳನ್ನು ಕಳೆಯುತ್ತಿದ್ದರು. ಉಳಿದದ್ದೇ ಲಾಭ. ಅದರಲ್ಲಿ ನೂರಕ್ಕೆ 25 ಮೀಸಲು ನಿಧಿಗೆ; 25 ಆಡಳಿತದ ಹೊಣೆ ಹೊತ್ತವರಿಗೆ, ವಿಶೇಷ ಸೇವೆಗೆ ಮತ್ತು ವಿದ್ಯಾರ್ಥಿವೇತನಕ್ಕೆ; ಮಿಕ್ಕ 50 ಶ್ರಮಕ್ಕೂ ಬಂಡವಾಳಕ್ಕೂ.

ಈ ಅರ್ಧವನ್ನು ಹಂಚುವ ಬಗೆಯೇ ಇಡೀ ಏರ್ಪಾಟಿನ ತಿರುಳು. ಫೂರಿಯೇಯು ಹನ್ನೆರಡರಲ್ಲಿ ನಾಲ್ಕು ಪಾಲನ್ನು ಬಂಡವಾಳಕ್ಕೆ ಇಟ್ಟಿದ್ದನು. ಗೊಡಿನನು ಹಾಗೆ ಮಾಡಲಿಲ್ಲ. ಕೆಲಸಗಾರನು ವರ್ಷವೆಲ್ಲ ಮಾಡಿದ ಸೇವೆಯ ಅಳತೆ ಅವನ ಕೂಲಿಯಾದರೆ, ಬಂಡವಾಳವು ಮಾಡಿದ ಸೇವೆಯ ಅಳತೆ ಅದರ ಬಡ್ಡಿಯೇ ಹೊರತು ಅಸಲಲ್ಲ ಎಂದು ಅವನು ವಾದಿಸಿದನು. ಆದಕಾರಣ ಕೂಲಿಯ ಮೊತ್ತಕ್ಕೂ ಬಡ್ಡಿಯ ಮೊತ್ತಕ್ಕೂ ಇರುವ ಪ್ರಮಾಣದಲ್ಲಿಯೇ ಲಾಭ ಹಂಚಬೇಕು. ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ವರ್ಷದ ಕೂಲಿ 9 ಲಕ್ಷ, ಬಡ್ಡಿ 1 ಲಕ್ಷವಾಗಿದ್ದರೆ, ಹತ್ತರಲ್ಲಿ ಒಂಬತ್ತು ಪಾಲು ಶ್ರಮಕ್ಕೆ, ಒಂದು ಪಾಲು ಬಂಡವಾಳಕ್ಕೆ. ಹೀಗೆ ಹಣವೂ ಒಬ್ಬ ಕೂಲಿಯವನಂತೆ ಸಾಲಿನಲ್ಲಿ ನಿಂತು ತನ್ನ ದುಡಿಮೆಗೆ ತಕ್ಕದ್ದನ್ನು ತೆಗೆದುಕೊಂಡು ಹೋಗಬೇಕಾಯಿತು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಶ್ರಮದ ಪಾಲನ್ನು ನಗದಾಗಿ ಕೊಡಲಿಲ್ಲ. ಸಂಘದ ಉಳಿತಾಯಪತ್ರಗಳಾಗಿ ಕೊಟ್ಟರು. ಆ ಮೊತ್ತದಿಂದ ಸ್ಥಾಪಕನ ಬಂಡವಾಳವನ್ನು ವರ್ಷವರ್ಷವೂ ತೀರಿಸುತ್ತ ಬಂದರು. 1888ರ ಜನವರಿಯಲ್ಲಿ ಗೊಡಿನನು ತೀರಿಕೊಂಡನು; ಅವನ ಜೀವನಸಂಗಾತಿಯೂ ಶಾಲೆಗಳ ಹೊಣೆ ಹೊತ್ತವಳೂ ಆದ ಮರೀ ಮೊರೆ ಕೆಲವು ತಿಂಗಳು ಆಡಳಿತವನ್ನು ನಡೆಸಿ ಮುಂದಿನವರಿಗೆ ಒಪ್ಪಿಸಿದಳು. 1894ರ ಹೊತ್ತಿಗೆ ಇಡೀ ಕಾರ್ಖಾನೆ ಕೆಲಸಗಾರರದಾಗಿತ್ತು. ಆಮೇಲೆಯೂ ಹಳೆಯ ಪತ್ರಗಳ ಹಣವನ್ನು ಹಿಂದಿರುಗಿಸಿ ಹೊಸ ಪತ್ರಗಳನ್ನು ಈಗ ದುಡಿಯುವವರಿಗೆ ಕೊಡುವ ಕ್ರಮ ಮುಂದುವರಿಯಿತು. ಒಡೆತನವು ಒಂದೇ ತಲೆಮಾರಿನ ಕೈಯಲ್ಲಿ ಹೆಪ್ಪುಗಟ್ಟದಂತೆ ಮಾಡಿದ ಉಪಾಯವಿದು. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ, ಐವತ್ತನೆಯ ವರ್ಷಕ್ಕೆ ಭೂಮಿ ತನ್ನ ಮೊದಲಿನ ಕುಟುಂಬಕ್ಕೆ ಹಿಂದಿರುಗಬೇಕೆಂಬ ವಿಧಿಯನ್ನು ಓದಿದವರಿಗೆ ಇದರ ಆಶಯ ಅಪರಿಚಿತವೆನಿಸದು.

ಹೊರಗುಳಿದವರು

ಆದರೆ ಸಂಘದೊಳಗೆ ಎಲ್ಲರೂ ಒಂದೇ ಆಗಿರಲಿಲ್ಲ. ನಿಬಂಧನೆಗಳು ಕೆಲಸಗಾರರನ್ನು ದರ್ಜೆಗಳಾಗಿ ವಿಂಗಡಿಸಿದ್ದವು. ಮೇಲಿನವರು 'ಅಸೋಸಿಯೇ', ಅಂದರೆ ಪೂರ್ಣ ಪಾಲುಗಾರರು. ಅವರಿಗೆ 25 ವರ್ಷ ತುಂಬಿರಬೇಕು, ಐದು ವರ್ಷ ನಿವಾಸದಲ್ಲಿ ಬಾಳಿರಬೇಕು, ಓದುಬರಹ ಬಲ್ಲವರಾಗಿರಬೇಕು, 500 ಫ್ರಾಂಕಿನ ಪಾಲು ಹೊಂದಿರಬೇಕು. ಮಹಾಸಭೆ ಅವರನ್ನು ಅಂಗೀಕರಿಸಬೇಕು. ಲಾಭ ಹಂಚುವಾಗ ಅವರ ಕೂಲಿಯನ್ನು ಎರಡರಷ್ಟಾಗಿ ಎಣಿಸುತ್ತಿದ್ದರು. ಎರಡನೆಯ ದರ್ಜೆಯವರ ಕೂಲಿಯನ್ನು ಒಂದೂವರೆಯಷ್ಟಾಗಿಯೂ ಮೂರನೆಯವರದನ್ನು ಇದ್ದಷ್ಟೇ ಆಗಿಯೂ ಲೆಕ್ಕಹಾಕುತ್ತಿದ್ದರು. ಎಲ್ಲರಿಗಿಂತ ಕೆಳಗೆ 'ಸಹಾಯಕರು' ಇದ್ದರು. ಅವರ ಶ್ರಮಕ್ಕೆ ಬಂದ ಲಾಭದ ಪಾಲು ಅವರ ಹೆಸರಿಗೆ ಸೇರದೆ ವಿಮೆ ಮತ್ತು ಪಿಂಚಣಿಯ ನಿಧಿಗೆ ಹೋಗುತ್ತಿತ್ತು. ಕಾಯಿಲೆಯಲ್ಲಿ, ಮುಪ್ಪಿನಲ್ಲಿ ಆ ನಿಧಿ ನೆರವಾಗುತ್ತಿತ್ತು ನಿಜ. ಆದರೆ ಮಹಾಸಭೆಯಲ್ಲಿ ಅವರಿಗೆ ಮತವಿರಲಿಲ್ಲ.

ಹೊಸಬನು ಮೆಲ್ಲಮೆಲ್ಲನೆ ಮೇಲೇರಿ ಪಾಲುಗಾರನಾಗಲಿ ಎಂಬುದು ಗೊಡಿನನ ಉದ್ದೇಶ. ಏಣಿಯೆಂದು ಅವನು ಇಟ್ಟದ್ದು ಕಾಲಕ್ರಮದಲ್ಲಿ ಬೇಲಿಯಾಯಿತು. ಪೂರ್ಣ ಪಾಲುಗಾರನಾಗಲು ನಿವಾಸದಲ್ಲಿ ಮನೆ ಬೇಕು. ಮನೆಗಳ ಸಂಖ್ಯೆಗೆ ಮಿತಿಯಿತ್ತು. ಇದ್ದ ಮನೆಗಳಲ್ಲಿ ಪಾಲುಗಾರರ ಮಕ್ಕಳಿಗೆ ಆದ್ಯತೆ ದೊರೆಯತೊಡಗಿತು. ಹುಟ್ಟಿನಿಂದ ಬರುವ ಹಕ್ಕನ್ನು ಮುರಿಯಲೆಂದು ಕಟ್ಟಿದ ಮನೆಯೊಳಗೆ ಹುಟ್ಟಿನ ಹಕ್ಕು ಹಿಂಬಾಗಿಲಿನಿಂದ ಬಂದು ಕುಳಿತಿತು. ಫ್ರೆಡ್ರಿಕ್ ಎಂಗೆಲ್ಸನು ವಸತಿಯ ಪ್ರಶ್ನೆಯನ್ನು ಕುರಿತ ತನ್ನ ಬರಹದ 1887ರ ಮರುಮುದ್ರಣದಲ್ಲಿ, ಗ್ವೀಜ್ ಕೂಡ ಕೊನೆಗೆ ಕೆಲಸಗಾರರ ಶೋಷಣೆಯ ತಾಣವಾಗಿದೆಯೆಂದು ಟಿಪ್ಪಣಿ ಬರೆದನು. ಆ ಮಾತು ಕಟುವಾದದ್ದು. ಎಂಬತ್ತಕ್ಕೂ ಹೆಚ್ಚು ವರ್ಷ ನಡೆದ ಸಂಘಕ್ಕೆ ಪೂರ್ತಿ ನ್ಯಾಯ ಸಲ್ಲಿಸುವಂಥದ್ದಲ್ಲ. ಆದರೆ ಕೆಳಗಿನ ದರ್ಜೆಯಲ್ಲಿ ನಿಂತು ನೋಡಿದವರಿಗೆ ಅದು ಸುಳ್ಳೆಂದು ತೋರಿರಲಾರದು.

1914ರ ಯುದ್ಧದಲ್ಲಿ ಒಂದು ಭವನ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿದರು. ಎರಡನೆಯ ಮಹಾಯುದ್ಧದ ನಂತರ ಮಾರುಕಟ್ಟೆಯ ಸ್ಪರ್ಧೆ ತೀವ್ರವಾಯಿತು. ಹೊಸ ಯಂತ್ರಗಳಿಗೆ ಬೇಕಾದ ಬಂಡವಾಳ ಸಾಲದಾಯಿತು. 1968ರಲ್ಲಿ ಸಂಘವು ವಿಸರ್ಜನೆಗೊಂಡು ಸಾಮಾನ್ಯ ಕಂಪನಿಯಾಯಿತು. ಇಂದು ಗ್ವೀಜ್‌ನಲ್ಲಿ ಒಲೆಗಳು ಗೊಡಿನನ ಹೆಸರಿನಲ್ಲಿಯೇ ತಯಾರಾಗುತ್ತಿವೆ. ಫಾಮಿಲಿಸ್ತೇರ್ ಒಂದು ವಸ್ತುಸಂಗ್ರಹಾಲಯವಾಗಿದೆ.

ದೇವಾಲಯವಿಲ್ಲದ ಕಾರ್ಖಾನೆ, ದೇವಾಲಯವಿದ್ದ ಕಾರ್ಖಾನೆ

ಇಷ್ಟು ದೊಡ್ಡ ನಿವಾಸದಲ್ಲಿ ನಾಟಕಶಾಲೆಯಿತ್ತು, ದೇವಾಲಯವಿರಲಿಲ್ಲ. ಗೊಡಿನನು ನಾಸ್ತಿಕನಲ್ಲ. ಸಕಲವನ್ನೂ ತುಂಬಿರುವ ಜೀವವನ್ನು ಸೇವಿಸುವುದೇ ಮನುಷ್ಯನ ಕರ್ತವ್ಯವೆಂದೂ ಶ್ರಮವೇ ನಿಜವಾದ ಆರಾಧನೆಯೆಂದೂ ಅವನು ನಂಬಿದ್ದನು. ವರ್ಷಕ್ಕೊಮ್ಮೆ ಶ್ರಮದ ಹಬ್ಬವನ್ನೂ ಮಕ್ಕಳ ಹಬ್ಬವನ್ನೂ ಏರ್ಪಡಿಸಿದನು. ಅವನು ಕಂಡ ಸಭೆಯು ಬಡವನಿಗೆ ತಾಳ್ಮೆಯನ್ನೂ ಧನಿಕನಿಗೆ ದಾನವನ್ನೂ ಬೋಧಿಸುತ್ತಿತ್ತು. ಕೂಲಿಯ ನ್ಯಾಯವನ್ನು ಕೇಳುತ್ತಿರಲಿಲ್ಲ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವನ್ನು ಕೈಯಲ್ಲಿ ಹಿಡಿದ ಸಭೆಯ ವಿಷಯದಲ್ಲಿ ಒಬ್ಬ ಒಲೆ ತಯಾರಕನಿಗೆ ಹೀಗನ್ನಿಸಿತೆಂಬುದು ನಮ್ಮನ್ನು ನಾಚಿಸಬೇಕಾದ ಸಂಗತಿ.

ಸಭೆಯವರೆಲ್ಲರೂ ಸುಮ್ಮನಿದ್ದರೆಂದು ಹೇಳಲಾಗದು. 1834ರಲ್ಲಿಯೇ ಪ್ಯಾರಿಸಿನ ಕೆಲವರು ಆಭರಣ ಕೆಲಸಗಾರರು ಫಿಲಿಪ್ ಬ್ಯೂಶೇ ಎಂಬ ಕ್ರೈಸ್ತ ಚಿಂತಕನ ಪ್ರೇರಣೆಯಿಂದ ಉತ್ಪಾದಕರ ಸಂಘವನ್ನು ಕಟ್ಟಿದ್ದರು. ಪ್ಯಾರಿಸಿನ ಇಂಥ ಸಂಘಗಳನ್ನು ಕಂಡುಬಂದ ಲಡ್ಲೋ ಎಂಬಾತನೂ ದೇವಶಾಸ್ತ್ರಜ್ಞ ಎಫ್. ಡಿ. ಮಾರಿಸನೂ 1850ರಲ್ಲಿ ಲಂಡನ್ನಿನ ದರ್ಜಿಗಳಿಗಾಗಿ ಅಂಥದ್ದೇ ಪ್ರಯತ್ನ ನಡೆಸಿದರು. ಗ್ವೀಜ್‌ನಿಂದ ಬಹಳ ದೂರವಲ್ಲದ, ರಾಂಸ್ ನಗರದ ಬಳಿಯ ವಾಲ್-ದೆ-ಬ್ವಾ ಎಂಬಲ್ಲಿ ಲೆಯೋನ್ ಆರ್ಮೆಲ್ ಎಂಬ ಭಕ್ತ ಕಥೋಲಿಕನು ಉಣ್ಣೆಯ ನೂಲಿನ ಗಿರಣಿಯನ್ನು ನಡೆಸುತ್ತಿದ್ದನು. ಅಲ್ಲಿ ದೇವಾಲಯವಿತ್ತು, ಪರಸ್ಪರ ಸಹಾಯನಿಧಿಗಳಿದ್ದವು, ಕೆಲಸಗಾರರ ಪ್ರತಿನಿಧಿಗಳು ಗಿರಣಿಯ ವಿಚಾರಗಳನ್ನು ಒಡೆಯನೊಡನೆ ಚರ್ಚಿಸುವ ಮಂಡಳಿಯಿತ್ತು. ಆರ್ಮೆಲನು ಸಾವಿರಾರು ಕೆಲಸಗಾರರನ್ನು ರೋಮಿಗೆ ಯಾತ್ರೆ ಕರೆದೊಯ್ದನು. ಪೋಪ್ 13ನೆಯ ಲಿಯೋ 1891ರಲ್ಲಿ ಕಾರ್ಮಿಕರ ಸ್ಥಿತಿಯನ್ನು ಕುರಿತು 'ರೇರುಂ ನೋವಾರುಂ' ಎಂಬ ಪತ್ರವನ್ನು ಹೊರಡಿಸುವುದಕ್ಕೆ ಮುಂಚಿನ ವರ್ಷಗಳ ಸಂಗತಿಯಿದು.

ಈ ಎರಡು ಕಾರ್ಖಾನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ವಾಲ್-ದೆ-ಬ್ವಾದಲ್ಲಿ ಕೆಲಸಗಾರನ ಮಾತನ್ನು ಆಲಿಸುತ್ತಿದ್ದರು. ಗಿರಣಿ ಮಾತ್ರ ಆರ್ಮೆಲ್ ಕುಟುಂಬದ್ದಾಗಿಯೇ ಉಳಿಯಿತು. ಗ್ವೀಜ್‌ನಲ್ಲಿ ಪ್ರಾರ್ಥನೆಯಿರಲಿಲ್ಲ, ಕಾರ್ಖಾನೆ ಮಾತ್ರ ದುಡಿದವರ ಹೆಸರಿಗೆ ಬಂದಿತು. ಒಡೆಯನು ಒಳ್ಳೆಯ ತಂದೆಯಾಗಬೇಕೆಂಬುದು ಒಂದರ ಆದರ್ಶ; ಒಡೆಯನೇ ಇಲ್ಲದಂತಾಗಬೇಕೆಂಬುದು ಇನ್ನೊಂದರ ಗುರಿ. ಸಭೆಯು ತಂದೆಯ ಆದರ್ಶವನ್ನು ಸುಲಭವಾಗಿ ಅಪ್ಪಿಕೊಂಡಿತು. ಪಾಲುಗಾರನ ಆದರ್ಶ ತನ್ನ ಸ್ವಂತ ಶಾಸ್ತ್ರದಲ್ಲಿಯೇ ಇದ್ದರೂ ಅದರ ಮುಂದೆ ಹಿಂಜರಿಯಿತು.

ನಮ್ಮ ಕರಾವಳಿಯ ಸಭೆಗಳಿಗೂ ಕಾರ್ಖಾನೆಯ ನೆನಪಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕೆಲಸವನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದಾಗ, ಕ್ರೈಸ್ತರಾದುದರಿಂದ ಜಾತಿಯ ಕಸುಬನ್ನು ಕಳೆದುಕೊಂಡ ಅನೇಕ ಕುಟುಂಬಗಳಿಗೆ ಅನ್ನ ದೊರೆಯಿತು. ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಆಡಳಿತ ಯೂರೋಪಿನ ಮೇಲ್ವಿಚಾರಕರ ಕೈಯಲ್ಲಿತ್ತು. ಲಾಭವು ಸುವಾರ್ತಾಸೇವೆಗೆ ಒದಗಿತು. ಜೇಡಿಮಣ್ಣು ಕಲಸಿದವರಿಗೆ ಕೂಲಿ ಇತ್ತೇ ಹೊರತು ಒಡೆತನದ ಪಾಲಿರಲಿಲ್ಲ. ಲಾಭವನ್ನು ಒಳ್ಳೆಯ ಕಾರ್ಯಕ್ಕೆ ವಿನಿಯೋಗಿಸಿದರೆ ಸಾಕೇ, ಅದನ್ನು ದುಡಿದವರೊಡನೆ ಹಂಚಿಕೊಳ್ಳಲೂ ಬೇಕೇ ಎಂಬ ಪ್ರಶ್ನೆ ಅಂದು ನಮ್ಮಲ್ಲಿಯೂ ಉತ್ತರವಿಲ್ಲದೆ ಉಳಿಯಿತು.

ನಮ್ಮ ಪಾಲಿಗೆ ಉಳಿದದ್ದು

ಗ್ವೀಜ್‌ನ ಚರಿತ್ರೆಯಿಂದ ನಾವು ಎರಡು ಪಾಠಗಳನ್ನು ಕಲಿಯುತ್ತೇವೆ. ಮೊದಲನೆಯದು, ಶ್ರಮಕ್ಕೆ ಪಾಲು ಕೊಡುವುದು ಅಸಾಧ್ಯವಾದ ಕನಸಲ್ಲ ಎಂಬುದು. ಬೆವರಿನ ಮೈಯವರು ಒಂದು ದೊಡ್ಡ ಕಾರ್ಖಾನೆಯ ಒಡೆಯರಾಗಿ ಎರಡು ಯುದ್ಧಗಳನ್ನು ದಾಟಿ ಅದನ್ನು ನಡೆಸಿದರು. ಎರಡನೆಯದು, ಪಾಲು ಹಂಚಿದವರೂ ತಮ್ಮ ಸುತ್ತ ಗೋಡೆ ಕಟ್ಟಬಲ್ಲರು ಎಂಬುದು. ಗೊಡಿನನ ನಿಬಂಧನೆ ಅವರವರ ಸೇವೆಗೆ ತಕ್ಕಂತೆ ಕೊಡುವ ನ್ಯಾಯವನ್ನು ಬಲ್ಲದ್ದು. ಮತ್ತಾಯನ 20ನೆಯ ಅಧ್ಯಾಯದಲ್ಲಿ ಸಂಜೆ ಐದು ಗಂಟೆಗೆ ದ್ರಾಕ್ಷೇತೋಟಕ್ಕೆ ಬಂದು ಪೂರ್ತಿ ದಿನದ ಕೂಲಿ ಪಡೆದವನಿಗೆ ಆ ನಿಬಂಧನೆಯಲ್ಲಿ ಸ್ಥಳವಿರಲಿಲ್ಲ. ಕೊನೆಗೆ ಬಂದವನನ್ನು ಏನು ಮಾಡಬೇಕೆಂಬುದರಲ್ಲಿಯೇ ಸಂಘದ ಬಿರುಕು ಮೊದಲು ಕಾಣಿಸಿತು.

ಇಂದು ನಮ್ಮ ಸಭೆಗಳೂ ಧಣಿಗಳೇ. ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯ, ಮುದ್ರಣಾಲಯಗಳನ್ನು ನಡೆಸುತ್ತೇವೆ. ಅಲ್ಲಿ ಕಸ ಗುಡಿಸುವವರು, ಅಡುಗೆ ಮಾಡುವವರು, ಬಾಗಿಲು ಕಾಯುವವರು ಎಷ್ಟೋ ಕಡೆ ಗುತ್ತಿಗೆಯವರು. ನಮ್ಮ ಸಂಘದ 'ಸಹಾಯಕರು'. ಆದಿತ್ಯವಾರ ಅವರೂ ನಾವೂ ಒಂದೇ ರೊಟ್ಟಿಯಲ್ಲಿ ಪಾಲುಹೊಂದುತ್ತೇವೆ. ಸೋಮವಾರ ಆಡಳಿತ ಸಮಿತಿ ಕೂಡಿದಾಗ ಅವರ ಕೆಲಸದ ವಿಷಯ ಚರ್ಚೆಗೆ ಬರುತ್ತದೆ, ಅವರು ಬರುವುದಿಲ್ಲ. ಮುಂದೆ ಇಂಥ ಸಮಿತಿಗಳ ಅಧ್ಯಕ್ಷತೆ ವಹಿಸಲಿರುವ ನಮ್ಮ ವಿದ್ಯಾರ್ಥಿಗಳು ಗ್ವೀಜ್‌ನ ಲೆಕ್ಕವನ್ನು ಈಗಲೇ ಓದಿಕೊಂಡಿರುವುದು ಒಳ್ಳೆಯದು.

ಲೂಕನು ಬಳಸಿದ ಆ ಪದ ಪೌಲನು ಫಿಲೆಮೋನನಿಗೆ ಬರೆದ ಪತ್ರದಲ್ಲಿ ಮತ್ತೊಮ್ಮೆ ಬರುತ್ತದೆ. ನೀನು ನನ್ನನ್ನು 'ಕೊಯ್ನೊನೊಸ್', ಅಂದರೆ ಪಾಲುಗಾರನೆಂದು ಎಣಿಸುವುದಾದರೆ, ನನ್ನನ್ನು ಹೇಗೋ ಹಾಗೆಯೇ ಒನೇಸಿಮನನ್ನೂ ಸೇರಿಸಿಕೋ ಎಂಬುದು ಅಲ್ಲಿಯ ಬಿನ್ನಹ. ಒನೇಸಿಮನು ದಾಸನು, ಯಾವ ನಿಬಂಧನೆಯ ಪ್ರಕಾರವೂ ಪಾಲಿಗೆ ಅರ್ಹನಲ್ಲದವನು. ಪೌಲನು ಬಿನ್ನಹವನ್ನು ಮಾಡಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವನಿಂದ ನಿನಗೆ ಬರಬೇಕಾದ ಸಾಲವೇನಾದರೂ ಇದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆ ಎಂದು ಸೇರಿಸಿ, ತೀರಿಸುವೆನೆಂಬ ಮಾತನ್ನು ಸ್ವಂತ ಕೈಯಿಂದ ಬರೆದುಕೊಟ್ಟನು.